ಬೆನ್ನಿಗೆ ಆಪರೇಷನ್ ಮಾಡಿಸಿದ್ರೆ ಕಾಲು ಬಿದ್ದೋಗುತ್ತಾ?

ಒಪಿಡಿಯಲ್ಲಿ ಈ ಪ್ರಶ್ನೆ ಬರದ ದಿನ ಇಲ್ಲ. ಹೋದ ತಿಂಗಳು ಮದುವೆ ಊಟದ ಪಂಕ್ತಿಯಲ್ಲೂ ಬಂತು. ನಾನು ನ್ಯೂರೋಸರ್ಜನ್ ಅಂತ ಗೊತ್ತಾದ ಕೂಡಲೇ ಪಕ್ಕದ ಎಲೆಯವರು, ಹೆಣ್ಣಿನ ಕಡೆಯವರು, ನನ್ನ ಕಡೆ ಬಾಗಿದರು. "ಡಾಕ್ಟ್ರೇ, ಸ್ಲಿಪ್ ಡಿಸ್ಕ್‌ಗೆ ಆಪರೇಷನ್ ಮಾಡಿಸಿದ್ರೆ ಕಾಲು ಬಿದ್ದೋಗುತ್ತಂತಲ್ಲ, ಹೌದಾ?" ಅವರಿಗೆ ಮೂರು ವಾರದಿಂದ ಸೊಂಟದಿಂದ ಪಾದದವರೆಗೆ ಸೆಳೆತವಂತೆ.

ಸಾಮಾನ್ಯವಾಗಿ ಇಲ್ಲ ಅಂದೆ. ಆ "ಸಾಮಾನ್ಯವಾಗಿ" ಅವರಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಒಬ್ಬಟ್ಟು ಬಂತು, ನನಗೂ ಹೇಳೋದು ಸುಲಭ ಆಯ್ತು.

ಸ್ಲಿಪ್ ಡಿಸ್ಕ್ ಅಂತೀವಿ, ಆದರೆ ಅಲ್ಲಿ ಏನೂ ಜಾರಿರಲ್ಲ. ಎರಡು ಮೂಳೆ ನಡುವಿನ ಡಿಸ್ಕ್ ಒಂದು ಥರ ಒಬ್ಬಟ್ಟೇ. ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತನೆ ಹೂರಣ. ಕಣಕ ಹರಿದ ಕಡೆ ಹೂರಣ ಆಚೆ ಬಂದು ಪಕ್ಕದ ನರವನ್ನು ಒತ್ತುತ್ತದೆ. ಆ ನರ ಹೋಗೋದು ಕಾಲಿಗೆ, ಅದಕ್ಕೇ ನೋವು ಕಾಲಲ್ಲಿ.

ಇನ್ನು ಬೆನ್ನುಹುರಿ. ದೊಡ್ಡವರಲ್ಲಿ ಅದು ಸೊಂಟದ ಮೊದಲನೇ ಅಥವಾ ಎರಡನೇ ಮೂಳೆ ಹತ್ತಿರವೇ ಮುಗಿಯುತ್ತದೆ. ಹೆಣೆದ ಜಡೆ ಅಲ್ಲಿಗೆ ನಿಂತು, ಕೆಳಗೆ ಬಿಚ್ಚಿದ ಕೂದಲಿನ ಹಾಗೆ ಬಿಡಿ ಬಿಡಿ ನರಗಳು ಇಳಿಯುತ್ತವೆ. ಡಿಸ್ಕ್ ಜಾಸ್ತಿ ಹಾಳಾಗೋದು 4 ಮತ್ತು 5ನೇ ಮೂಳೆ ನಡುವೆ, ಇಲ್ಲಾ ಅದರ ಕೆಳಗೆ. ಅಂದರೆ ನಾವು ಕೈ ಹಾಕುವ ಜಾಗದಲ್ಲಿ ಹುರಿಯೇ ಇಲ್ಲ. ಕತ್ತು, ಎದೆ ಮಟ್ಟದ ಆಪರೇಷನ್ ಲೆಕ್ಕ ಬೇರೆ. ಅಲ್ಲಿ ಹುರಿ ಇದೆ, ಭಯಕ್ಕೂ ಕಾರಣ ಇದೆ.

ಮಾಡೋದಾದರೂ ಏನು? ಸುಮಾರು ಒಂದು ಇಂಚು ಕೊಯ್ದು, ಸರಿಯಾದ ಮಟ್ಟವೇ ಹೌದಾ ಅಂತ ಎಕ್ಸ್‌ರೇಯಲ್ಲಿ ನೋಡಿ, ಮೈಕ್ರೋಸ್ಕೋಪ್ ಕೆಳಗೆ ನರವನ್ನು ಮೆಲ್ಲಗೆ ಸರಿಸಿ, ಆಚೆ ಬಂದ ಚೂರನ್ನು ತೆಗೆಯುತ್ತೇವೆ. ಅದು ಎಳನೀರಿನ ಗಂಜಿ ಹಾಗೆ ಬೆಳ್ಳಗೆ ಇರುತ್ತದೆ. ಡಬ್ಬಿಯಲ್ಲಿ ತೋರಿಸಿದರೆ ಮನೆಯವರು "ಇಷ್ಟೇನಾ!" ಅಂತಾರೆ. ಹೆಚ್ಚಿನವರು ಮಾರನೇ ದಿನ ಎದ್ದು ಓಡಾಡುತ್ತಾರೆ.

ಹಾಗಂತ ಏನೂ ಆಗಲ್ಲ ಅನ್ನೋ ಡಾಕ್ಟರನ್ನು ನಂಬಬೇಡಿ. ನರಗಳ ಸುತ್ತ ನೀರು ತುಂಬಿದ ತೆಳು ಪೊರೆ ಇದೆ. ನನ್ನ ಕೈಯಲ್ಲೇ ಅದು ಹರಿದಿದೆ. ವಯಸ್ಸಾದ ಹೆಂಗಸು, ಪೊರೆ ಮೂಳೆಗೆ ಅಂಟಿಕೊಂಡಿತ್ತು, ನೋಡನೋಡುತ್ತಿದ್ದಂತೆ ತಿಳಿನೀರು ಒಸರಿತು. ಕೂದಲೆಳೆಯಂಥ ದಾರದಲ್ಲಿ ಹೊಲಿದೆ. ಆಮೇಲೆ ಅವರು ಎದ್ದು ಕೂತರೆ ತಲೆ ಸಿಡಿಯುವ ನೋವು, ಮಲಗಿದರೆ ಇಲ್ಲ. ಕೆಲವು ದಿನ ಮಲಗಿಸಿಯೇ ಇಟ್ಟೆವು. ವಾಸಿಯಾಯಿತು, ಆದರೆ ಆ ದಿನಗಳಲ್ಲಿ ನನಗೂ ಸರಿಯಾಗಿ ನಿದ್ದೆ ಇರಲಿಲ್ಲ.

ನಂಜು ಆಗಬಹುದು, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಜಾಸ್ತಿ. ಎರಡು ಮೂರು ವಾರ ಚೆನ್ನಾಗಿದ್ದು, ಆಮೇಲೆ ಮಗ್ಗುಲು ಬದಲಿಸಲೂ ಆಗದ ಬೆನ್ನುನೋವು ಶುರುವಾದರೆ ತಡ ಮಾಡದೆ ಬನ್ನಿ. ನೂರರಲ್ಲಿ ಐದರಿಂದ ಹತ್ತು ಜನಕ್ಕೆ ಅದೇ ಜಾಗದಲ್ಲಿ ಮತ್ತೆ ಹೂರಣ ಆಚೆ ಬರಬಹುದು. ನರಕ್ಕೇ ಪೆಟ್ಟಾಗಿ ಪಾದದ ಶಕ್ತಿ ಕುಗ್ಗೋದೂ ಉಂಟು, ಅಪರೂಪ.

ಮತ್ತೆ ಈ "ಕಾಲು ಬಿದ್ದೋಯ್ತು" ಅನ್ನೋ ಕಥೆಗಳು? ನಾನು ಕಂಡ ಹಾಗೆ ಎಷ್ಟೋ ಜನ ಬರೋದೇ ಕಾಲು ಸೋತ ಮೇಲೆ. ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದರೂ ಗೊತ್ತಾಗಲ್ಲ ಅಂತಾರೆ. ಆಪರೇಷನ್‌ನಿಂದ ನೋವು ಹೋಗುತ್ತದೆ, ತಿಂಗಳುಗಟ್ಟಲೆ ನಲುಗಿದ ನರ ಮಾತ್ರ ಪೂರ್ತಿ ಚೇತರಿಸಿಕೊಳ್ಳದೆ ಹೋಗಬಹುದು. ಊರಲ್ಲಿ ಕೆಟ್ಟ ಹೆಸರು ಬರೋದು ಆಪರೇಷನ್‌ಗೆ. ಅದಕ್ಕೇ ನಾನು ಆಪರೇಷನ್ ಹಿಂದಿನ ದಿನ, ಪಾದದಲ್ಲಿ ಎಷ್ಟು ಶಕ್ತಿ ಇದೆ ಅಂತ ನೋಡೋಕೆ, ಮನೆಯವರ ಎದುರಿಗೇ ಹಿಮ್ಮಡಿ ಮೇಲೆ ನಡೆಸಿ, ಕಂಡದ್ದನ್ನು ಕೇಸ್ ಶೀಟಿನಲ್ಲಿ ಬರೆದಿಡುತ್ತೇನೆ.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ಮೂತ್ರ ಕಟ್ಟಿದರೆ, ಹೋದದ್ದೇ ಗೊತ್ತಾಗದಿದ್ದರೆ, ಸೈಕಲ್ ಸೀಟು ತಾಗುವ ಜಾಗ ಜೋಮು ಹಿಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜನ ನಾಚಿಕೆಯಿಂದ ಇದನ್ನೇ ಮುಚ್ಚಿಡುತ್ತಾರೆ.

ಉಳಿದವರಲ್ಲಿ ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಎಷ್ಟೋ ಸಲ ಆಚೆ ಬಂದ ಚೂರನ್ನು ಮೈಯೇ ಕರಗಿಸಿಕೊಳ್ಳುತ್ತದೆ. ಬರೀ ಸೊಂಟನೋವು, ಕಾಲಿಗೆ ಇಳಿದಿಲ್ಲ ಅಂದರೆ ಈ ಆಪರೇಷನ್‌ನಿಂದ ಅಷ್ಟೇನೂ ಲಾಭ ಇಲ್ಲ, ಎಂಆರ್‌ಐಯಲ್ಲಿ ಏನೇ ಬರೆದಿರಲಿ. ನೋವೇ ಇಲ್ಲದವರ ಎಂಆರ್‌ಐಯಲ್ಲೂ ಉಬ್ಬಿದ ಡಿಸ್ಕ್ ಕಾಣುತ್ತದೆ.

ಊಟ ಆದ ಮೇಲೆ ಕೈ ತೊಳೆಯುವ ಕಡೆ ಅವರನ್ನೂ ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆಸಿದೆ. ಎರಡೂ ಪಾದ ಚೆನ್ನಾಗಿ ಎದ್ದವು. ಭಾರ ಎತ್ತಬೇಡಿ, ಹಾಗಂತ ಮಲಗಿಯೇ ಇರಬೇಡಿ, ಇನ್ನೊಂದು ತಿಂಗಳಲ್ಲಿ ಕಮ್ಮಿ ಆಗದಿದ್ದರೆ ಬನ್ನಿ ಅಂದೆ. "ನಮ್ಮೂರಲ್ಲಿ ಕಾಲು ಮುಂದಾಗಿ ಹುಟ್ಟಿದವನೊಬ್ಬ ಇದಾನೆ, ಒದ್ದರೆ ಹೋಗುತ್ತಂತೆ..." ಅಂತ ರಾಗ ಎಳೆದರು. ಎಣ್ಣೆ ಬೇಕಾದರೆ ಹಚ್ಚಿಕೊಳ್ಳಿ, ಒದೆಸಿಕೊಳ್ಳೋದು ಮಾತ್ರ ಬೇಡ ಅಂದೆ.