ನಿನ್ನೆಗಿಂತ ಚೆನ್ನಾಗಿ ಬರ್ತಿದೆ

ಇವತ್ತಿಗೆ ಆರು ದಿನ. ಹೊಟ್ಟೆ ಇನ್ನೂ ತೆಪ್ಪಗಿದೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅದರ ಕಡೆಗೇ ಕಿವಿ. ಮೊನ್ನೆ ಒಮ್ಮೆ ಗುಡುಗಿತು, ಬಂತಪ್ಪ ಅಂತ ಗಾಬರಿಯಾದೆ. ಬರೀ ಹಸಿವು.

ಆಗಿದ್ದಿಷ್ಟು. ಚಾರಣದ ಮೂರನೇ ರಾತ್ರಿ ಸುಮಾರು 4,000 ಮೀಟರ್ ಎತ್ತರದಲ್ಲಿ ಟೆಂಟು ಹಾಕಿದ್ದೆವು, ಐದು ಜನ. ಬೆಳಿಗ್ಗೆ ಎದ್ದು ಹೊರಗೆ ಬಂದರೆ ಸರ್ ಅವರ ನೀರಿನ ಫಿಲ್ಟರ್ ಹಿಂದಿನ ಸಂಜೆ ಇಟ್ಟ ಕಲ್ಲಿನ ಮೇಲೇ ಇತ್ತು. ಪಕ್ಕದ ಬಾಟಲಿಯೊಳಗೆ ನೀರು ಗಟ್ಟಿ ಕಲ್ಲು. ಫಿಲ್ಟರಿನ ಮೂತಿಯಲ್ಲಿ ಬಿರಡೆ ಜಡಿದ ಹಾಗೆ ಒಂದು ಮಂಜಿನ ತುಣುಕು. ಸರ್ ಅದನ್ನು ಎರಡೂ ಅಂಗೈ ನಡುವೆ ಹಿಡಿದು ಉಜ್ಜಿದರು, ಜಾಕೆಟ್ಟಿನ ಒಳಗೆ ಇಟ್ಟುಕೊಂಡು ಅತ್ತಿಂದಿತ್ತ ಓಡಾಡಿದರು, ಆಮೇಲೆ ಹಳ್ಳದ ನೀರು ತುಂಬಿದ ಚೀಲಕ್ಕೆ ತಿರುಗಿಸಿ ಹಿಂಡಿದರು. ನೀರು ಚಿಮ್ಮಿಕೊಂಡು ಬಂತು.

“ನೋಡಿ, ನಿನ್ನೆಗಿಂತ ಚೆನ್ನಾಗಿ ಬರ್ತಿದೆ!”

ಅವರ ಮುಖದಲ್ಲಿ ಎಂಥ ಖುಷಿ ಅಂತೀರಿ. ಆರು ದಿನದಿಂದ ಆ ಮುಖ, ಆ ಮಾತು ತಲೆಯಿಂದ ಇಳಿದಿಲ್ಲ.

ಆ ಫಿಲ್ಟರಿನ ಹೊಟ್ಟೆಯಲ್ಲಿರುವುದು ದಾರದ ಎಳೆಯಂಥ ಸಪೂರ ಕೊಳವೆಗಳ ಒಂದು ಕಂತೆ. ನೀರು ಅವುಗಳ ಗೋಡೆಯ ಮೂಲಕ ಜಿನುಗಿ ಬರಬೇಕು. ಗೋಡೆಯಲ್ಲಿನ ರಂಧ್ರ 0.1 ಅಥವಾ 0.2 ಮೈಕ್ರಾನ್. ಬೆಟ್ಟದ ನೀರಿನಲ್ಲಿ ಚಾರಣಿಗರು ಹೆದರುವ, ಹೊಟ್ಟೆ ಕೆಡಿಸುವ ಪರಜೀವಿ ಜಿಯಾರ್ಡಿಯಾದ ಕೋಶ 8ರಿಂದ 12 ಮೈಕ್ರಾನ್ ಉದ್ದ. ರಂಧ್ರ ಒಂದು ಬೆರಳಗಲ ಅಂದುಕೊಂಡರೆ ಜಿಯಾರ್ಡಿಯಾ ಒಂದು ಕರುವಿನಷ್ಟು. ನುಸುಳುವ ಪ್ರಶ್ನೆಯೇ ಇಲ್ಲ. ಆದರೆ ಒಮ್ಮೆ ಬಳಸಿದ ಮೇಲೆ ಕೊಳವೆಗಳಲ್ಲಿ ನೀರು ಉಳಿದೇ ಉಳಿಯುತ್ತದೆ, ಎಷ್ಟು ಕೊಡವಿದರೂ. ಆ ನೀರು ಹೆಪ್ಪುಗಟ್ಟಿದರೆ ಶೇಕಡ 9ರಷ್ಟು ಹಿಗ್ಗುತ್ತದೆ, ಎಳೆಗಳು ಬಿರುಕು ಬಿಡಬಹುದು. ಆಮೇಲೆ ಕರುವೇನು, ಹಿಂಡೇ ಆರಾಮಾಗಿ ದಾಟುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಚಳಿ ರಾತ್ರಿಯಲ್ಲಿ ಫಿಲ್ಟರನ್ನು ಮಲಗುವ ಚೀಲದೊಳಗೆ ಕೂಸಿನ ಹಾಗೆ ಪಕ್ಕದಲ್ಲಿಟ್ಟುಕೊಂಡು ಮಲಗಬೇಕು. ಹೆಪ್ಪುಗಟ್ಟಿತೋ, ಎಸೆದು ಹೊಸದು ಕೊಳ್ಳಿ ಎಂದು ತಯಾರಕರೇ ಹೇಳುತ್ತಾರೆ.

ಸರ್‌ಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಬೂಟಿನ ದಾರಕ್ಕೂ ಬದಲಿ ಇಟ್ಟುಕೊಂಡು ಬರುವ ಮನುಷ್ಯ. ನಿವೃತ್ತ ಎಂಜಿನಿಯರ್, ನಮ್ಮೆಲ್ಲರಿಗಿಂತ ಇಪ್ಪತ್ತು ವರ್ಷ ದೊಡ್ಡವರು, ನಮ್ಮೆಲ್ಲರಿಗಿಂತ ಮುಂದೆ ನಡೆಯುವವರು. ಅವರಲ್ಲಿರುವ ಒಂದೇ ತೊಂದರೆ ಎಂದರೆ ಎಲ್ಲದಕ್ಕೂ ಒಂದು ಕಾರಣ ಸಿದ್ಧವಾಗಿರುತ್ತದೆ. ಹಿಂದಿನ ದಿನ ಹಿಮನದಿಯಿಂದ ಇಳಿದ ನೀರು ಹಾಲಿನಂತೆ ಬೆಳ್ಳಗಿತ್ತು. ಬಂಡೆ ತೇದು ಬಂದ ನುಣ್ಣನೆಯ ಹುಡಿ ಅದು, ಫಿಲ್ಟರಿನ ಉಸಿರೇ ಕಟ್ಟಿಸುತ್ತದೆ. ಒಂದು ಲೀಟರ್ ಹಿಂಡುವಷ್ಟರಲ್ಲಿ ಸರ್ ಮುಖ ಕೆಂಪಗಾಗಿತ್ತು. ಸಂಜೆ ಸಿರಿಂಜಿನಿಂದ ಶುದ್ಧ ನೀರನ್ನು ಹಿಮ್ಮುಖವಾಗಿ ನೂಕಿ ತೊಳೆದಿದ್ದರು. “ಬ್ಯಾಕ್‌ವಾಶ್ ಮಾಡಿದ್ದರ ಫಲ,” ಅಂದರು. ನಿಜವೂ ಇರಬಹುದು. ತೊಳೆದರೂ ವೇಗ ಹೆಚ್ಚುತ್ತದೆ, ಒಡೆದರೂ ಹೆಚ್ಚಬಹುದು.

ನಮ್ಮ ಗುಂಪಿನ ಅತಿ ಚಿಕ್ಕವಳು ಮಾತ್ರ ಬಾಯಿ ಬಿಟ್ಟಳು. “ಸರ್, ರಾತ್ರಿ ಹೆಪ್ಪುಗಟ್ಟಿತ್ತಲ್ಲ. ಒಳಗೆ ಒಡೆದಿದ್ರೆ?”

“ಒಡೆದಿದ್ರೆ ಸೋರುತ್ತೆ ಕಣಮ್ಮ. ಎಲ್ಲಾದ್ರೂ ಸೋರ್ತಿದೆಯಾ? ನಿನ್ನೆಗಿಂತ ಚೆನ್ನಾಗಿ ಬರ್ತಿದೆ!”

ಸೋರುವುದು ಒಳಗೊಳಗೇ ಸರ್, ಹಾಗೆ ಸೋರಿದ ನೀರೂ ಚೆನ್ನಾಗಿಯೇ ಬರುತ್ತದೆ. ಇದನ್ನು ನಾನು ಹೇಳಲಿಲ್ಲ, ಈಗ ಬರೆಯುತ್ತಿದ್ದೇನೆ.

ಅವಳು ವಾದ ಮಾಡಲಿಲ್ಲ. ಸ್ಟವ್ ಹಚ್ಚಿ ತನ್ನ ಪಾತ್ರೆ ಇಟ್ಟಳು. ಗ್ಯಾಸ್ ಇನ್ನೂ ಎರಡು ದಿನ ಬರಬೇಕು ಎಂದು ಸರ್ ಗೊಣಗಿದರು. “ನನ್ನ ಪಾಲಿನದ್ದು ಸರ್,” ಅಂದಳು. ಇಷ್ಟೆತ್ತರದಲ್ಲಿ ನೀರು 87 ಡಿಗ್ರಿಗೇ ಕುದಿಯುತ್ತೆ, ಅದರಿಂದೇನು ಸಾಯುತ್ತೆ ಎಂದು ಅವರು ಮತ್ತೊಂದು ಕಾರಣ ತೆಗೆದರು. ಲೆಕ್ಕ ಸರಿ, ತೀರ್ಮಾನ ತಪ್ಪು. ರೋಗ ತರುವ ಜೀವಿಗಳು 70 ಡಿಗ್ರಿಯ ಆಸುಪಾಸಿನಲ್ಲೇ ಸೋಲತೊಡಗುತ್ತವೆ. 2,000 ಮೀಟರ್ ದಾಟಿದ ಮೇಲೆ 1 ನಿಮಿಷದ ಬದಲು 3 ನಿಮಿಷ ಕುದಿಸಿ ಅನ್ನುವುದು ಎಚ್ಚರಿಕೆಗೆ. ಅವಳು ಗಡಿಯಾರ ನೋಡಿಕೊಂಡು 3 ನಿಮಿಷ ಕುದಿಸಿದಳು, ಮುಖದಲ್ಲಿ ಸಿಟ್ಟಿಲ್ಲ, ಸೆಡವಿಲ್ಲ. ಇಂಥವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಉಳಿದಿಬ್ಬರ ಕಥೆ ಬೇಡ. ಒಬ್ಬ ಅಲ್ಟ್ರಾವಯಲೆಟ್ ದೀಪದ ಕಡ್ಡಿ ತಂದಿದ್ದ. ತಿಳಿನೀರಿಗಾದರೆ ಒಂದೂವರೆ ನಿಮಿಷದಲ್ಲಿ ಲೀಟರ್ ಮುಗಿಸುವ ಸಾಧನ. ಬಿಳಿ ಹುಡಿಯ ನೆರಳಿನಲ್ಲಿ ಕ್ರಿಮಿ ಅಡಗಿದರೆ ಬೆಳಕು ತಾಗುವುದಿಲ್ಲ, ಅದೂ ಅಲ್ಲದೆ ಚಳಿಗೆ ಬ್ಯಾಟರಿ ಮಲಗಿತ್ತು. ಇನ್ನೊಬ್ಬ “ಹರಿಯೋ ನೀರಿಗೆ ದೋಷ ಇಲ್ಲ” ಎಂದು ಬೊಗಸೆಯಲ್ಲೇ ಕುಡಿಯುವವ. ನೂರು ಹೆಜ್ಜೆ ಮೇಲೆ ಕುರಿ ಹಿಕ್ಕೆ ಬಿದ್ದಿದ್ದನ್ನು ಅವನೇ ನಮಗೆ ತೋರಿಸಿದ್ದ. ಅವನಿಗೆ ಇದುವರೆಗೆ ಏನೂ ಆಗಿಲ್ಲ, ಅದೇ ಸಂಕಟ.

ಇನ್ನು ನಾನು. ನನಗೆ ಪರೀಕ್ಷೆಯೂ ಗೊತ್ತಿತ್ತು. ಕೆಲವು ಕಂಪನಿಗಳೇ ಹೇಳಿಕೊಡುವಂಥದ್ದು. ಫಿಲ್ಟರನ್ನು ಚೆನ್ನಾಗಿ ಒದ್ದೆ ಮಾಡಿ ಶುದ್ಧ ನೀರು ಬರುವ ತುದಿಗೆ ಬಾಯಿಟ್ಟು ಊದಬೇಕು. ಎಳೆಗಳು ನೆಟ್ಟಗಿದ್ದರೆ ರಂಧ್ರದಲ್ಲಿ ಕೂತ ನೀರು ಗಾಳಿಯನ್ನು ಬಿಡುವುದಿಲ್ಲ, ಕೆನ್ನೆ ಉಬ್ಬಿದ್ದಷ್ಟೇ ಬಂತು. ಗಾಳಿ ಗುಳುಗುಳು ದಾಟಿದರೆ ಒಡೆದಿದೆ ಅಂತ. ಒಣಗಿದ ಫಿಲ್ಟರಿನಲ್ಲಿ ಹೇಗೂ ದಾಟುತ್ತದೆ, ಆದ್ದರಿಂದ ಒದ್ದೆ ಇರಲೇಬೇಕು. ಅರ್ಧ ನಿಮಿಷದ ಕೆಲಸ. ನನ್ನ ಚೀಲದ ಮೇಲಿನ ಜೇಬಿನಲ್ಲಿ ಕ್ಲೋರಿನ್ ಡೈಆಕ್ಸೈಡ್ ಮಾತ್ರೆಗಳೂ ಇದ್ದವು. ಹಾಕಿ ಅರ್ಧ ಗಂಟೆ ಬಿಟ್ಟರೆ ಬ್ಯಾಕ್ಟೀರಿಯಾ, ವೈರಸ್ಸು, ಜಿಯಾರ್ಡಿಯಾಗಳ ಕಥೆ ಮುಗಿಯುತ್ತದೆ. ಕ್ರಿಪ್ಟೋಸ್ಪೊರಿಡಿಯಂ ಎಂಬ ಇನ್ನೊಂದು ಪರಜೀವಿ ಮಾತ್ರ ಜಗಮೊಂಡ, ಅದಕ್ಕೆ 4 ಗಂಟೆ.

ಇಷ್ಟೆಲ್ಲ ಗೊತ್ತಿದ್ದ ನಾನು ಹೇಳಿದ್ದೇನು? “ಹೌದು ಸರ್, ಚೆನ್ನಾಗಿ ಬರ್ತಿದೆ.” ಹೇಳಿ ಬಾಟಲಿ ಚಾಚಿದೆ. ಅರ್ಧ ಲೀಟರ್ ಅಲ್ಲೇ ನಿಂತು ಕುಡಿದೆ, ಅವರು ನೋಡುತ್ತಿದ್ದರು ಅಂತ.

ಎರಡನೇ ದಿನ ನನ್ನ ಮೊಣಕಾಲು ಹಿಡಿದಾಗ ಸರ್ ಒಂದು ಮಾತಾಡದೆ ನನ್ನ ಚೀಲದ ಅರ್ಧ ಭಾರ ತಮ್ಮ ಬೆನ್ನಿಗೆ ಹಾಕಿಕೊಂಡಿದ್ದರು. ಅಂಥವರು ಹಿಂಡಿ ಕೊಟ್ಟ ನೀರಿಗೆ ಅವರೆದುರೇ ಮಾತ್ರೆ ಹಾಕುವುದು ಹೇಗೆ? ಮರೆಯಲ್ಲಿ ಹಾಕಿಕೊಳ್ಳಬಹುದಿತ್ತು. ಅದೂ ಹೊಳೆಯಲಿಲ್ಲ. ಹೊಳೆದಿತ್ತೇನೋ.

ಈ ವಾರವಿಡೀ ಯೋಚಿಸುತ್ತಿದ್ದೇನೆ: ಸ್ಟವ್ ಕೆಟ್ಟರೆ ಉರಿಯುವುದಿಲ್ಲ, ಟಾರ್ಚ್ ಕೆಟ್ಟರೆ ಕತ್ತಲು. ಕೆಟ್ಟ ಮೇಲೆ ಇನ್ನೂ ಚೆನ್ನಾಗಿ ನಡೆಯುವ ಹಾಗೆ ಕಾಣುವ ಸಾಮಾನು ನನಗೆ ಇದೊಂದೇ ಗೊತ್ತು. ಸಾಮಾನಿನಲ್ಲಿ ಇದೊಂದೇ, ಜಾಗಗಳಲ್ಲಿ ಬೇರೆಯೂ ಇವೆ. ನಾನು ಕೆಲಸ ಮಾಡುವಲ್ಲಿ ಒಬ್ಬರಿದ್ದರು. ಯಾವ ಕಾಗದ ಹೋದರೂ ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಪ್ರಶ್ನೆ ಬರೆದು ವಾಪಸು ಕಳಿಸುವವರು. ಅವರು ನಿವೃತ್ತರಾದ ತಿಂಗಳು ಎಲ್ಲರೂ ಹಗುರಾಗಿ ಉಸಿರು ಬಿಟ್ಟೆವು. ಕಡತಗಳು ಹಾರಿಕೊಂಡು ಹೋಗತೊಡಗಿದವು. ಎಷ್ಟು ಬೇಗ ಆಯ್ತಲ್ಲ ಎಂದು ನಾನೇ ಹೇಳಿದ್ದೆ, ಹೆಚ್ಚೂಕಡಿಮೆ ಸರ್ ಹೇಳಿದ ಅದೇ ದನಿಯಲ್ಲಿ. ಆ ತಿಂಗಳು ಏನೇನು ದಾಟಿಹೋಯಿತೋ, ಯಾರೂ ತೆಗೆದು ನೋಡಿಲ್ಲ.

1892ರಲ್ಲಿ ರಷ್ಯಾದ ವಿಜ್ಞಾನಿ ದಿಮಿತ್ರಿ ಇವಾನೊವ್‌ಸ್ಕಿ ರೋಗ ಹಿಡಿದ ತಂಬಾಕಿನ ಎಲೆಯ ರಸವನ್ನು ಪಿಂಗಾಣಿ ಫಿಲ್ಟರಿನಲ್ಲಿ ಸೋಸಿದರು. ಅದು 1884ರಲ್ಲಿ ಪ್ಯಾಶ್ಚರ್ ಪ್ರಯೋಗಾಲಯದ ಚೇಂಬರ್ಲೆಂಡ್ ರೂಪಿಸಿದ, ಬ್ಯಾಕ್ಟೀರಿಯಾ ತಡೆಯುವ ಫಿಲ್ಟರು. ಸೋಸಿದ ರಸವೂ ರೋಗ ಹರಡಿತು. ಫಿಲ್ಟರಿನಲ್ಲೇ ದೋಷವಿದೆಯೇನೋ ಎಂಬ ಅನುಮಾನವೂ ಅವರಿಗೆ ಬಂದಿತ್ತು. ದಾಟಿದ್ದು ವೈರಸ್ಸು ಎಂದು ಸ್ಪಷ್ಟವಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ನನಗೆ ಹಿಡಿಸಿದ್ದು ಆ ಅನುಮಾನ. ಸರಿಯಿದ್ದ ಫಿಲ್ಟರನ್ನು ಅವರು ಶಂಕಿಸಿದರು, ನಾವು ಮಂಜು ಕಟ್ಟಿದ್ದನ್ನು ನಂಬಿದೆವು.

ಜಿಯಾರ್ಡಿಯಾ ಒಳಹೊಕ್ಕ ಮೇಲೆ ಸಾಮಾನ್ಯವಾಗಿ ಒಂದೆರಡು ವಾರಕ್ಕೆ ತಲೆ ಎತ್ತುತ್ತದೆ. ಹಾಗಾಗಿ ಆರು ದಿನ ಅಂದರೆ ಏನೂ ಅಲ್ಲ. ನಿನ್ನೆ ಸರ್ ಫೋನ್ ಮಾಡಿ “ಎಲ್ಲಾ ಆರಾಮಾ?” ಅಂದರು. ಆರಾಮ್ ಸರ್ ಅಂದೆ. “ನೋಡಿದ್ರಾ, ಸುಮ್ಮನೆ ಹೆದರಿದ್ಲು ಆ ಹುಡುಗಿ. ಮುಂದಿನ ಸಲಕ್ಕೂ ಅದೇ ಫಿಲ್ಟರ್ ಸಾಕು.”

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮೂರು ಸಲ ಬರೆದು ಅಳಿಸಿ, ಕೊನೆಗೆ ಸಂದೇಶ ಕಳಿಸಿದೆ: ಸರ್, ಆ ಫಿಲ್ಟರನ್ನು ಒದ್ದೆ ಮಾಡಿ, ನೀರು ಬರೋ ಕಡೆಯಿಂದ ಒಂದು ಸಲ ಊದಿ ನೋಡ್ತೀರಾ?

ಹತ್ತು ನಿಮಿಷಕ್ಕೆ ಉತ್ತರ ಬಂತು. “ಊದಿದೆ. ಗಾಳಿ ಸಲೀಸಾಗಿ ಹೋಗ್ತಿದೆ. ಚೆನ್ನಾಗಿದೆ ಅಂತ ತಾನೇ?”

ಒದ್ದೆ ಮಾಡಿ ಊದಿದ್ರಾ ಸರ್ ಎಂದು ಕೇಳಿದ್ದೇನೆ. ಓದಿದ್ದಾರೆ. ಇನ್ನೂ ಉತ್ತರ ಬಂದಿಲ್ಲ.