ಶ್ರೀರಂಗಪಟ್ಟಣದ ವಜ್ರ, ಲೀಡ್ಸ್‌ನ ರೈಲು, ಬಸವನಗುಡಿಯ ಭಾನುವಾರ

ನಮ್ಮ ಓದುಗರ ಬಳಗ ಇರುವುದು ಬೆಂಗಳೂರಿನ ಬಸವನಗುಡಿಯಲ್ಲಿ, ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಭಾನುವಾರ ಸಂಜೆ ಅವರು ಕಾಫಿ ಹಿಡಿದು ಕೂತಾಗ ನಾನು ಅಡುಗೆ ಒಲೆಯ ಮೇಲಿಟ್ಟು ವಿಡಿಯೋ ಕರೆಯಲ್ಲಿ ಸೇರಿಕೊಳ್ಳುತ್ತೇನೆ. ಈಗ ಹಳೆಯ ಪತ್ತೇದಾರಿ ಕಾದಂಬರಿಗಳ ಸರದಿ. ಮೊದಲಿಗೆ ಎತ್ತಿಕೊಂಡದ್ದು ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’. 1868ರಲ್ಲಿ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಅದು.

ಇಂಗ್ಲಿಷ್ ಪತ್ತೇದಾರಿ ಕಾದಂಬರಿಗೆ ದಾರಿ ಹಾಕಿಕೊಟ್ಟ ಈ ಪುಸ್ತಕ ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ! 1799ರ ಮೇ 4, ಟಿಪ್ಪು ಮಡಿದ ದಿನ. ಕೋಟೆಯೊಳಗೆ ಲೂಟಿ ನಡೆದಿದೆ. ಕಠಾರಿಯ ಹಿಡಿಯಲ್ಲಿದ್ದ ಹಳದಿ ವಜ್ರಕ್ಕಾಗಿ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿಯ ಕೈ ರಕ್ತವಾಗುತ್ತದೆ. ವಜ್ರವೂ ಅವನೂ ಕಲ್ಪನೆ. ಮುತ್ತಿಗೆ, ದಾಳಿಯ ಮುಂದಾಳು ಜನರಲ್ ಬೇರ್ಡ್, ಲೂಟಿ ಎಲ್ಲ ನಿಜವೇ.

ಇಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಹರ್ನ್‌ಕ್ಯಾಸಲ್‌ನ ಸಂಬಂಧಿಯೊಬ್ಬ ಬರೆದ ಪತ್ರದ ರೂಪದಲ್ಲಿರುವ ಈ ಪೀಠಿಕೆಯನ್ನು ಓದದೆಯೇ ಮುಂದೆ ಹೋಗಿದ್ದರಂತೆ. ಬಸವನಗುಡಿಯಲ್ಲಿ ಅದೊಂದಕ್ಕೇ ಪೂರ್ತಿ ಭಾನುವಾರ ಹಿಡಿಯಿತು. 1791ರಲ್ಲಿ ಬ್ರಿಟಿಷರ ಇದೇ ಸೇನೆ ಬೆಂಗಳೂರು ಕೋಟೆ ಒಡೆದ ಜಾಗದ ಫಲಕ ಕೆ.ಆರ್. ಮಾರ್ಕೆಟ್ ಹತ್ತಿರ ಇರುವುದನ್ನು ಒಬ್ಬರು ನೆನಪಿಸಿದರು. ಬಳಗದ ಹಿರಿಯರು, ನಿವೃತ್ತ ವಕೀಲರು, ಮಾತ್ರ ಪತ್ರ ಬರೆದವನನ್ನೇ ಕಟಕಟೆಗೆ ಹತ್ತಿಸಿದರು. “ನೋಡಮ್ಮಾ, ಇವನು ಕೊಲೆ ಕಣ್ಣಾರೆ ಕಂಡನಾ? ಇಲ್ಲ. ಆದ ಮೇಲೆ ಬಂದು ನಿಂತ. ಅಷ್ಟಕ್ಕೇ ನಾವೆಲ್ಲ ತೀರ್ಪು ಕೊಟ್ಟುಬಿಟ್ವಿ.” ಕಾದಂಬರಿಯುದ್ದಕ್ಕೂ ಬೇಕಾದ ಎಚ್ಚರ ಅದು. ಒಬ್ಬೊಬ್ಬರು ತಾವು ಕಂಡಷ್ಟನ್ನೇ ಹೇಳುತ್ತಾ ಕಥೆ ಕೈಯಿಂದ ಕೈಗೆ ಸಾಗುತ್ತದೆ.

ಅದಕ್ಕೇ ಇದನ್ನು ಕೇಳುವುದು ಅಷ್ಟು ಹಿತ. ಲಿಬ್ರಿವಾಕ್ಸ್‌ನಲ್ಲಿ (ಧ್ವನಿಪುಸ್ತಕಗಳ ಜಾಲತಾಣ) ಸ್ವಯಂಸೇವಕರು ಓದಿದ್ದು ಪುಕ್ಕಟೆ ಸಿಗುತ್ತದೆ. ನಾನು ಕೆಲಸಕ್ಕೆ ಹೋಗುವಾಗ ರೈಲಿನಲ್ಲಿ ಕೇಳುತ್ತೇನೆ. ಕಣ್ಣಿನ ಪೊರೆ ತೆಗೆಸಿಕೊಂಡ ಅಕ್ಕ ಒಬ್ಬರು ಜಯನಗರದ ಮನೆಯಲ್ಲಿ ಕೇಳುತ್ತಾರೆ. ಮನೆಯ ಹಳೇ ಸೇವಕ ಬೆಟರೆಜ್‌ನ ಹರಟೆ ಕಿವಿಯಲ್ಲಿ ಕೇಳಿದರೇ ಚೆಂದ, ಅಚ್ಚಿನಲ್ಲಾದರೆ ಕಣ್ಣು ಓಡಿಬಿಡುತ್ತದೆ. ಆದರೆ ವಜ್ರ ಕಳುವಾದ ರಾತ್ರಿ ಬಾಗಿಲಿನ ಹಸಿ ಬಣ್ಣ ಒರೆಸಿಹೋದ ಪ್ರಸಂಗದಲ್ಲಿ ಕೇಳುವವರು ಸೋತೆವು. ಆ ಬಣ್ಣ ಒಣಗಲು 12 ಗಂಟೆ ಬೇಕು ಎಂಬ ಮಾತು ಹರಟೆಯೊಳಗೇ ತೇಲಿಹೋಗಿತ್ತು. ಪುಸ್ತಕ ಹಿಡಿದವರು ಹಾಳೆ ಹಿಂದಕ್ಕೆ ತಿರುವಿ ಗಂಟೆಗಳ ಲೆಕ್ಕ ಹಾಕಿದರು, ಕಾದಂಬರಿಯ ಪತ್ತೇದಾರ ಸಾರ್ಜೆಂಟ್ ಕಫ್ ಮಾಡಿದ ಹಾಗೇ. ಮುಂದಿನದನ್ನು ಹೇಳಲಾರೆ. ಆ ವಾರ ನಿಗದಿಯಾದ ಅಧ್ಯಾಯ ದಾಟಿ ಯಾರೂ ಬಾಯಿಬಿಡಬಾರದು ಎಂಬುದು ನಮ್ಮ ಕಟ್ಟುನಿಟ್ಟು.

ಕಥೆ ಬಹುಪಾಲು ನಡೆಯುವುದು ನಾನಿರುವ ಯಾರ್ಕ್‌ಶೈರ್‌ನಲ್ಲೇ. ಅದರಲ್ಲಿ ಬರುವ ಫ್ರಿಜಿಂಗ್‌ಹಾಲ್ ಎಂಬ ಹೆಸರಿನ ನಿಲ್ದಾಣವೂ ಬ್ರಾಡ್‌ಫರ್ಡ್‌ಗೆ ಹೋಗುವ ನನ್ನ ರೈಲುದಾರಿಯಲ್ಲಿದೆ. ಕಾದಂಬರಿಯ ಊರು ಕಡಲ ಕಡೆಯದು, ಇದು ಬೇರೆ. ಆದರೂ ಫಲಕ ಕಂಡಾಗೆಲ್ಲ ಬಳಗದವರಿಗೊಂದು ಮೆಸೇಜ್ ಹಾಕದೆ ಇರಲಾಗುವುದಿಲ್ಲ.

ಮುಂದಿನ ಸರದಿ ಎನ್. ನರಸಿಂಹಯ್ಯನವರದ್ದು. ಸದಸ್ಯರೇ ಸರದಿಯ ಮೇಲೆ ಗಟ್ಟಿಯಾಗಿ ಓದುವುದು, ಮಿಕ್ಕವರು ಕೇಳುವುದು ಎಂದು ಮಾತಾಗಿದೆ. ಅವರ ಪತ್ತೇದಾರಿ ಕಾದಂಬರಿಗಳ ಹಳೇ ಪ್ರತಿ ನಿಮ್ಮ ಅಟ್ಟದ ಮೇಲಿದ್ದರೆ ದಯವಿಟ್ಟು ತಿಳಿಸಿ. ಬಸವನಗುಡಿಯವರು ಬಂದು ತೆಗೆದುಕೊಂಡು ಹೋಗಿ, ಓದಿ, ಜೋಪಾನವಾಗಿ ಹಿಂದಿರುಗಿಸುತ್ತಾರೆ.