ಗೋಡೆಯ ಗೀಟು

ಬೆಳಿಗ್ಗೆ ಬಳ್ಳಾರಿಯಲ್ಲಿ ಒಗ್ಗಾಣಿ ಮಿರ್ಚಿ ತಿನ್ನುತ್ತಾ ನಾನೂ ಗೆಳೆಯನೂ ಒಂದು ತಾಸು ವಾದ ಮಾಡಿದೆವು. ಜೀನ್ಸ್ ಹೊಲಿಯುವವರ ಪೀಸ್ ಲೆಕ್ಕ, ವಾರದ ಬಟವಾಡೆ ನೋಡಿಕೊಳ್ಳುವ ಸಣ್ಣ ಪ್ರೋಗ್ರಾಂ ಬರೆದಿದ್ದೇವೆ. ಎಲ್ಲರಿಗೂ ಬಿಟ್ಟುಕೊಡೋದು ಖಚಿತ. ಯಾವ ಲೈಸೆನ್ಸ್, ಅಂದರೆ ಬೇರೆಯವರು ಅದನ್ನು ಬಳಸೋಕೆ ಹಾಕುವ ಷರತ್ತು, ಅನ್ನೋದೇ ಜಗಳ.

"ಎಂಐಟಿ ಲೈಸೆನ್ಸ್ ಹಾಕಿಬಿಡಣ್ಣ, ಮೂರೇ ಪ್ಯಾರಾ, ಯಾರಿಗೂ ತಲೆನೋವಿಲ್ಲ" ಅಂದ. ನಿಜ. ಕಾಪಿರೈಟ್ ಸಾಲು, ಲೈಸೆನ್ಸ್ ಬರಹ ಉಳಿಸಿಕೊಂಡರೆ ಸಾಕು. ಆಮೇಲೆ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂನ ಮೂಲ ಬರಹ, ಮುಚ್ಚಿಟ್ಟು ಮಾರಲೂಬಹುದು. ನನಗೆ ಚುಚ್ಚುವುದು ಅದೇ. ಜಿಪಿಎಲ್ ಅನ್ನೋ ಇನ್ನೊಂದು ಲೈಸೆನ್ಸ್ ಆದರೆ, ತಿದ್ದಿ ಹಂಚುವವರು ಸೋರ್ಸ್ ಕೋಡನ್ನೂ ಕೊಡಬೇಕು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ 1992ರಿಂದ ಅದೇ ದಾರಿಯಲ್ಲಿದೆ.

"ಹಂಚದೆ ತನ್ನ ಸರ್ವರ್‌ನಲ್ಲೇ ಓಡಿಸಿ ಬಾಡಿಗೆ ತಗೊಂಡ್ರೆ?" ಅಂದ ಗೆಳೆಯ. ಒಳ್ಳೆಯ ಪ್ರಶ್ನೆ. ಜಿಪಿಎಲ್ ಅಲ್ಲಿ ಹಿಡಿಯೋದಿಲ್ಲ. ಅದರಂಥದ್ದೇ ಇನ್ನೊಂದು ಲೈಸೆನ್ಸ್, 2007ರ ಎಜಿಪಿಎಲ್ ಮೂರನೇ ಆವೃತ್ತಿ, ಹಿಡಿಯುತ್ತದೆ. ತಿದ್ದಿದ ಪ್ರೋಗ್ರಾಂ ಅನ್ನು ನೆಟ್‌ವರ್ಕ್‌ನಲ್ಲಿ ಬಳಸುವವರಿಗೂ ಕೋಡ್ ಸಿಗಬೇಕು.

ಪರಿಚಯದ ಹೊಲಿಗೆಯಣ್ಣ ಒಬ್ಬರು ಮೊದಲು ಮಷಿನ್ ಪಕ್ಕದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಿದ್ದರು. ಐದೈದು ಪೀಸಿಗೆ ಒಂದು ಅಡ್ಡಗೀಟು. ತಮ್ಮ ಕೂಲಿ ಹೇಗೆ ಬಂತು ಅಂತ ಅವರಿಗೆ ಕಣ್ಣಿಗೇ ಕಾಣುತ್ತಿತ್ತು. ಕಂಪ್ಯೂಟರ್ ಬಂದ ಮೇಲೂ ಕಾಣಬೇಕು ಅಲ್ವಾ? ಗೆಳೆಯ ಸುಮ್ನೆ ತಲೆಯಾಡಿಸಿದ. ರಾತ್ರಿ ಎಜಿಪಿಎಲ್ ಫೈಲ್ ಸೇರಿಸುತ್ತಿದ್ದೇವೆ.